ಆಯಿಯ ಮನೆ ಎಷ್ಟು ದೂರ

ಎರಡೂವರೆ ವರ್ಷದ ಮಗುವನ್ನು ಹತ್ತು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಂದವರಿಗೆ ನರಕ ಹೇಗಿರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊದಲ ಅರ್ಧ ಗಂಟೆ ಕಿಟಕಿ ಸಾಕು. ಇನ್ನರ್ಧ ಗಂಟೆ ಬಿಸ್ಕತ್ತಿನಲ್ಲಿ ಕಳೆಯುತ್ತದೆ. ಅಲ್ಲಿಂದಾಚೆಗೆ ಹಾಡು, ಗಿಲಕಿ, ಅಪ್ಪನ ಕನ್ನಡಕ, ಅಮ್ಮನ ಜಡೆ, ಖಾಲಿ ನೀರಿನ ಬಾಟಲಿ ಎಲ್ಲವೂ ಒಂದೊಂದಾಗಿ ಸೋಲುತ್ತವೆ. ಕೊನೆಗೆ ಮಗು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕಿರುಚಲು ಶುರುಮಾಡಿದಾಗ, ಎಷ್ಟು ದೂರ ಬಂದಿದ್ದೇವೆ ಎಂದು ನೋಡಿದರೆ ಇನ್ನೂ ನಾಗಮಂಗಲವೂ ದಾಟಿರುವುದಿಲ್ಲ.

ದಾನೇಶ್ವರಿ ಈ ನರಕವನ್ನು ಚೆನ್ನಾಗಿ ಬಲ್ಲವಳು. ಅವಳ ತವರು ಬಾಗಲಕೋಟೆ, ಗಂಡನ ಊರು ಮೈಸೂರು. ಮದುವೆಯ ಮಾತು ಬಂದಾಗ ಅವಳ ತಾಯಿ ಗುರವ್ವ ಹುಡುಗನ ಗುಣ, ಓದು, ಕೆಲಸ ಯಾವುದಕ್ಕೂ ತಕರಾರು ತೆಗೆದಿರಲಿಲ್ಲ. "ಎಲ್ಲಾ ಚೊಲೋ ಐತಿ. ಆದ್ರ ಇಷ್ಟ್ ದೂರ ಹೆಂಗ ಕೊಡೂದ?" ಎಂದು ಒಂದೇ ಮಾತು ಹಿಡಿದು ಕೂತಿದ್ದಳು. ನವನಗರದಲ್ಲಿ ಏಳೆಂಟು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಕೇಂದ್ರ ನಡೆಸುವ ಗುರವ್ವನಿಗೆ ಅಂಗಡಿ ಬಿಟ್ಟು ಬರಲು ಪುರಸೊತ್ತಿಲ್ಲ. ಆಗ ದಾನೇಶ್ವರಿ ತಾಯಿಯ ಕೈ ಹಿಡಿದು ಮಾತು ಕೊಟ್ಟಿದ್ದಳು. "ಯವ್ವಾ, ತಿಂಗಳಿಗೆ ಎರಡ್ ಸಲ ಬರ್ತೀನಿ. ದೂರ ಅನ್ನೂದ ನಿನಗ ಗೊತ್ತಾಗಬಾರದು, ಹಂಗ ಮಾಡ್ತೀನಿ."

ಮಾತು ಕೊಟ್ಟವಳು ಎಂಜಿನಿಯರು. ಕಾಲದ ಅರಿವು ಮಿದುಳಿನಲ್ಲಿ ಹೇಗೆ ಹುಟ್ಟುತ್ತದೆ ಎಂಬುದೇ ಅವಳ ಅಧ್ಯಯನದ ವಿಷಯ. ಮಗಳು ಇಳಾ ಹುಟ್ಟಿ, ಬಾಗಲಕೋಟೆಯ ಮೊದಲ ಪ್ರಯಾಣದಲ್ಲೇ ಮೂರು ಸಲ ವಾಂತಿ ಮಾಡಿ, ಚಿತ್ರದುರ್ಗದಿಂದ ಹೊಸಪೇಟೆಯವರೆಗೆ ಉಸಿರು ಬಿಡದೆ ಅತ್ತ ಮೇಲೆ, ಮೈಸೂರಿನ ಪ್ರಯೋಗಾಲಯದಲ್ಲಿ ಬಹಳ ದಿನದಿಂದ ಮೂಲೆಯಲ್ಲಿದ್ದ ಒಂದು ಯೋಜನೆಯನ್ನು ದಾನೇಶ್ವರಿ ಹಟ ಹಿಡಿದು ಮುನ್ನೆಲೆಗೆ ತಂದಳು. ಅದೇ 'ಚಿಟಿಕೆ'.

ಚಿಟಿಕೆ ನೋಡಲು ಮಕ್ಕಳ ಮಾಮೂಲಿ ಕಾರು ಕುರ್ಚಿ. ಎರಡೂ ಕಡೆ ಎತ್ತರದ ರೆಕ್ಕೆ, ಹಿಂದಕ್ಕೆ ಮುಖ ಮಾಡಿದ ಮೆತ್ತನೆಯ ಆಸನ. ಒಳಗಿನ ಕೆಲಸ ಮಾತ್ರ ಬೇರೆ. ನಮ್ಮ ಮಿದುಳು ಕಾಲವನ್ನು ಗಡಿಯಾರದ ಹಾಗೆ ಅಳೆಯುವುದಿಲ್ಲ. 'ಇದು ಹೊಸದು, ಇದೂ ಹೊಸದು' ಎಂದು ಬದಲಾವಣೆಗಳನ್ನು ಎಣಿಸುತ್ತಾ ಹೋಗುತ್ತದೆ. ಎಣಿಕೆ ಹೆಚ್ಚಾದರೆ ಹೊತ್ತು ಉದ್ದ, ಕಡಿಮೆಯಾದರೆ ಗಿಡ್ಡ. ಚಿಟಿಕೆಯು ಬೆನ್ನಿನ ಮೇಲೆ ಅತಿ ನವಿರಾದ ಕಂಪನವನ್ನೂ ಕಣ್ಣಂಚಿಗೆ ಮಸುಕಾದ ಬೆಳಕನ್ನೂ ಒಂದು ಲಯದಲ್ಲಿ ಕೊಟ್ಟು ಆ ಎಣಿಕೆಯನ್ನೇ ನಿಲ್ಲಿಸುತ್ತದೆ. ಮಗು ಎಚ್ಚರವಾಗಿಯೇ ಇರುತ್ತದೆ. ಕಣ್ಣು ತೆರೆದಿರುತ್ತದೆ, ನೀರು ಕೊಟ್ಟರೆ ಕುಡಿಯುತ್ತದೆ. ಆದರೆ ಹತ್ತು ಗಂಟೆ ಅದಕ್ಕೆ ನಾಲ್ಕೈದು ನಿಮಿಷ. ವಾಂತಿಯಿಲ್ಲ, ಅಳುವಿಲ್ಲ.

ಇಳಾ ಮೊದಲ ಸಲ ಅದರಲ್ಲಿ ಕೂತು ಹೋದ ದಿನವನ್ನು ದಾನೇಶ್ವರಿಯ ಗಂಡ ಯೋಗಾನಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಕಥೆ ಹೇಳುವುದರಲ್ಲೂ ಸೈ. ಬೆಳಿಗ್ಗೆ ಮೈಸೂರಿನ ಮನೆಯ ಗೇಟಿನ ಹತ್ತಿರ ಇಳಾ ಕಿಟಕಿಯಾಚೆ ಬೆರಳು ತೋರಿಸಿ, "ಅಮ್ಮಾ, ಕಾಗೆ..." ಎಂದಳಂತೆ. ಅಷ್ಟರಲ್ಲಿ ಕುರ್ಚಿ ಚಾಲೂ ಆಯಿತು. ಸಂಜೆ ಬಾಗಲಕೋಟೆಯಲ್ಲಿ ಗುರವ್ವನ ಬಾಗಿಲ ಮುಂದೆ ಕಾರು ನಿಂತು ಕುರ್ಚಿ ಆಫ್ ಆದ ಕೂಡಲೇ ಅವಳು ಕಣ್ಣು ಪಿಳುಕಿಸಿ ಮಾತು ಮುಗಿಸಿದಳು. "...ಎಲ್ಲೋಯ್ತು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಗುರವ್ವ ಒಬ್ಬಳು ನಗಲಿಲ್ಲ. ಮೊಮ್ಮಗಳ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, "ಇಷ್ಟ್ ಹಾದಿ ಬಂದದ್ದು ಕೂಸಿಗೆ ಗೊತ್ತs ಇಲ್ಲಲ್ಲೇ" ಎಂದಿದ್ದಳು.

"ಗೊತ್ತಾಗಬಾರದಂತನs ಮಾಡಿದ್ದ ಯವ್ವಾ ಅದು," ಎಂದು ದಾನೇಶ್ವರಿ ಹೆಮ್ಮೆಯಿಂದ ಹೇಳಿದ್ದಳು.

ಅಲ್ಲಿಂದ ಹದಿನಾಲ್ಕು ತಿಂಗಳು ಅವಳು ಕೊಟ್ಟ ಮಾತು ತಪ್ಪಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಾಗಲಕೋಟೆ. ಗುರವ್ವ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಮೊಮ್ಮಗಳಿಗೆ ಒಂದು ಕುಂಚಿಗಿ ಹೊಲಿದುಕೊಟ್ಟಿದ್ದಳು. ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ, ಕೆಂಪು ಅಂಚಿನ, ಗಲ್ಲದ ಕೆಳಗೆ ಗುಂಡಿಯಿದ್ದ ಕುಂಚಿಗಿ. ಆಯಿಯ ಮನೆಗೆ ಹೊರಟ ದಿನ ಮಾತ್ರ ಅದನ್ನು ತೊಡುವುದು. ಇಳಾಳ ಬಾಯಲ್ಲಿ ಅಜ್ಜಿ 'ಆಯಿ'. ಕುಂಚಿಗಿ ತೊಟ್ಟಳೆಂದರೆ ತಾನೇ ಓಡಿಹೋಗಿ ಕುರ್ಚಿ ಹತ್ತಿ, ಬೆಲ್ಟಿನ ಕೊಂಡಿಯನ್ನು ತಾನೇ 'ಟಿಕ್' ಎನ್ನಿಸಿ, "ನಾನೇ!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಮಕ್ಕಳ ಕೈಗೆ ಸುಲಭವಾಗಲಿ ಎಂದು ಆ ಕೊಂಡಿಗೆ ಅಯಸ್ಕಾಂತ ಇಟ್ಟವಳೂ ದಾನೇಶ್ವರಿಯೇ. ಕೊಂಡಿ ಬಿದ್ದ ಸ್ವಲ್ಪ ಹೊತ್ತಿಗೆ ಕುರ್ಚಿ ತಾನಾಗಿ ಚಾಲೂ ಆಗುತ್ತಿತ್ತು; ಬೇಕಾದಾಗ ನಿಲ್ಲಿಸಿ ಮತ್ತೆ ಚಾಲೂ ಮಾಡಲು ಪಕ್ಕದಲ್ಲೊಂದು ಗುಂಡಿಯಿತ್ತು.

ಆಗಾಗ ಇಳಾ ಒಂದೊಂದು ತಮಾಷೆ ಮಾಡುತ್ತಿದ್ದಳು. ಮೈಸೂರಿನ ಮನೆಯಲ್ಲಿ ದೋಸೆ ತಿನ್ನುತ್ತಾ ಕೂತವಳು ಒಂದು ಚೂರು ಮುಷ್ಟಿಯಲ್ಲಿ ಹಿಡಿದುಕೊಂಡು, "ಆಯಿಗೆ ಕೊಟ್ಟು ಬರ್ತೀನಿ" ಎಂದು ಬಾಗಿಲಿಗೆ ಓಡುತ್ತಿದ್ದಳು. ಬಾಲ್ಕನಿಯ ಸರಳು ಹಿಡಿದು ಕೆಳಗೆ ನಿಂತ ಕಾರುಗಳ ಕಡೆ ನೋಡಿ, "ಆಯೀ, ರೊಟ್ಟಿ!" ಎಂದು ಕೂಗುತ್ತಿದ್ದಳು. ಯೋಗಾನಂದ ಅದನ್ನೆಲ್ಲ ವಿಡಿಯೋ ಮಾಡಿ ಅತ್ತೆಗೆ ಕಳಿಸುತ್ತಿದ್ದ. ರೊಟ್ಟಿ ಬಡಿಯುವ ಹೆಂಗಸರೆಲ್ಲ ಕೈ ನಿಲ್ಲಿಸಿ ಅದನ್ನು ನೋಡಿ ನಗುತ್ತಿದ್ದರು.

ಬಾಗಲಕೋಟೆಯಿಂದ ಹೊರಡುವಾಗಿನ ಸಂಗತಿ ಮಾತ್ರ ಗುರವ್ವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಪ್ರತಿ ಸಲವೂ ಅವಳು ಮಗಳಿಗೆ ಉಡಿ ತುಂಬಿ, ಮೊಮ್ಮಗಳ ಕೈಗೆ ಜೋಳದ ಹಿಟ್ಟಿನ ಒಂದು ಉಂಡಿ ಕೊಟ್ಟು, ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಇಳಾ ಪಕ್ಕದ ಮನೆಗೆ ಹೊರಟವಳಂತೆ ಒಂದು ಟಾಟಾ ಮಾಡಿ, ತಿರುಗಿಯೂ ನೋಡದೆ ಕುರ್ಚಿ ಹತ್ತುತ್ತಿದ್ದಳು.

"ಅಳಂಗs ಇಲ್ಲಲ್ಲ ನಿನ್ನ ಮಗಳು," ಎಂದು ಒಮ್ಮೆ ಗುರವ್ವ ಅಂದೇಬಿಟ್ಟಳು. "ನೀ ಸಣ್ಣಾಕಿದ್ದಾಗ ಸೋದರಮಾವನ ಊರಿಂದ ಹೊಂಟ್ರ ಓಣಿ ತುಂಬಾ ಕೇಳೂ ಹಂಗ ಅಳತಿದ್ದಿ. ಇದಕ ನನ್ನ ಮ್ಯಾಲ ಮಾಯಾ ಮಮತಾ ಇಲ್ಲೇನ?"

"ಅಳಲಿಲ್ಲಂದ್ರ ಚೊಲೋ ಅಲ್ಲೇನ ಯವ್ವಾ? ಕೂಸು ಅಳೂದ ನೋಡಬೇಕಂತೀಯೇನ ನೀ?"

ಗುರವ್ವ ಕೈಗೆ ಅಂಟಿದ್ದ ಹಿಟ್ಟನ್ನು ತಿಕ್ಕಿ ತೆಗೆಯುತ್ತಾ ಒಳಗೆ ಹೋದಳು.

ಚಿಟಿಕೆ ಪ್ರಯೋಗಾಲಯದಿಂದ ಹೊರಬಿದ್ದು ಒಂದು ವರ್ಷವಾಗಿತ್ತು. ರಾಜ್ಯದ ತುಂಬ ಸಾವಿರಾರು ಮನೆಗಳ ಕಾರಿನಲ್ಲಿ ಅದು ಬಂದು ಕೂತಿತ್ತು. ಮಕ್ಕಳ ತೂಕ, ನಿದ್ದೆ, ಕಣ್ಣು, ಕಿವಿ, ಹಸಿವು, ಮಾತು ಎಲ್ಲವನ್ನೂ ಮೂರು ತಿಂಗಳಿಗೊಮ್ಮೆ ಪರೀಕ್ಷಿಸುತ್ತಿದ್ದರು. ಎಲ್ಲವೂ ಸರಿಯಾಗಿತ್ತು. ಚಾಲೂ ಇದ್ದ ಪ್ರತಿಯೊಂದು ಕುರ್ಚಿಯೂ ಮಗುವಿನ ನಾಡಿಬಡಿತವನ್ನು ಪ್ರಯೋಗಾಲಯದ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ದೊಡ್ಡ ಪರದೆಯ ಮೇಲೆ ಒಂದು ಮಗುವಿಗೆ ಒಂದು ಹಸಿರು ಗೆರೆ. ಕಾರು ಓಡುತ್ತಿದೆಯೋ ನಿಂತಿದೆಯೋ ಎಂಬುದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ. ಕಾರು ಯಾವ ಊರಿನಲ್ಲಿದೆ, ಮಗು ಯಾರದ್ದು ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಯಾರ ಬೆನ್ನೂ ಹತ್ತುವುದಿಲ್ಲ ಎಂದು ತಾಯಿತಂದೆಯರಿಗೆ ಬರೆದುಕೊಟ್ಟಾಗಿತ್ತು.

ಮೊದಮೊದಲು ಕಾರು ಹತ್ತು ನಿಮಿಷ ನಿಂತರೆ ಕುರ್ಚಿ ತಾನಾಗಿ ಆಫ್ ಆಗುತ್ತಿತ್ತು. ಅದಕ್ಕೆ ದೂರುಗಳ ಮಳೆಯೇ ಸುರಿಯಿತು. ಟೋಲ್ ಗೇಟಿನಲ್ಲಿ ಮಗು ಅಳುತ್ತದೆ, ರೈಲ್ವೆ ಗೇಟಿನಲ್ಲಿ ಅಳುತ್ತದೆ, ಹೋಟೆಲಿನ ಮುಂದೆ ನಿಲ್ಲಿಸಿ ಕಾಫಿ ತರುವಷ್ಟರಲ್ಲಿ ಅಳುತ್ತದೆ. ಕೊಠಡಿಯ ಮೇಲ್ವಿಚಾರಕಿ ಫರ್ಹಾನಾ, "ಇರ್ಲಿ ಬಿಡಿ ಮೇಡಂ, ಹತ್ತು ನಿಮಿಷ ಅತ್ರೆ ಏನಾಗುತ್ತೆ" ಎಂದಿದ್ದಳು. ದಾನೇಶ್ವರಿ ಕೇಳಲಿಲ್ಲ. ಆ ಮಿತಿಯನ್ನು ತೆಗೆದುಹಾಕುವ ಕಾಗದಕ್ಕೆ ತಾನೇ ಸಹಿ ಹಾಕಿದಳು.

ಏಪ್ರಿಲ್ ತಿಂಗಳ ಒಂದು ಮಂಗಳವಾರ. ಶಾಲೆಗೆ ರಜೆ, ಯೋಗಾನಂದ ಮಗಳ ಜೊತೆ ಮನೆಯಲ್ಲಿದ್ದ. ಮಧ್ಯಾಹ್ನ ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಪ್ರಯೋಗಾಲಯದಲ್ಲಿದ್ದ ದಾನೇಶ್ವರಿಯ ಫೋನು ಬಡಿದುಕೊಂಡಿತು.

"ದಾನಿ, ಇಳಾ ಕಾಣಿಸ್ತಿಲ್ಲ ಕಣೆ." ಅವನ ದನಿ ಒಡೆದುಹೋಗಿತ್ತು. "ಕುಕ್ಕರ್ ಆಫ್ ಮಾಡಿ, ಸಾರಿಗೆ ಒಗ್ಗರಣೆ ಹಾಕಿ ಬಂದೆ, ಅಷ್ಟೇ. ಬಾಗಿಲು ತೆಗೆದಿತ್ತು. ಅರ್ಧ ಗಂಟೆಯಿಂದ ಹುಡುಕ್ತಾ ಇದ್ದೀನಿ. ಮಕ್ಕಳ ಪಾರ್ಕು, ನೀರಿನ ಸಂಪು, ಟೆರೇಸು, ಎಲ್ಲಾ ನೋಡಿಬಿಟ್ಟೆ. ಅಕ್ಕಪಕ್ಕದವರೂ ಹುಡುಕ್ತಿದ್ದಾರೆ. ಗೇಟಿನ ವಾಚ್‌ಮನ್ ಯಾವ ಮಗೂನೂ ಆಚೆ ಹೋಗಿಲ್ಲ ಅಂತಿದ್ದಾನೆ. ಪೊಲೀಸ್ನೋರಿಗೆ ಫೋನ್ ಮಾಡಿದ್ದೀನಿ."

ಪರೀಕ್ಷೆ ಮಾಡಿ ಮಾಡಿ ಅಭ್ಯಾಸವಾದ ದಾನೇಶ್ವರಿಯ ತಲೆ ಒಂದೇ ಪ್ರಶ್ನೆ ಕೇಳಿತು. "ಯೋಗಿ, ಮನೇಲಿ ಏನೇನಿಲ್ಲ? ಏನ್ ತಗೊಂಡು ಹೋಗಿದ್ದಾಳೆ ನೋಡು."

ಅವನು ಮೆಟ್ಟಿಲು ಹತ್ತಿ ಓಡುವುದು ಕೇಳಿಸಿತು. ಬೀರುವಿನ ಬಾಗಿಲು ಕಿರ್ರೆಂದಿತು. "ಚಪ್ಪಲಿ ಇಲ್ಲ. ಮತ್ತೆ... ಕೆಳಗಿನ ಗೂಡಲ್ಲಿ ಇಟ್ಟಿರ್ತೀಯಲ್ಲ, ಆ ಕುಂಚಿಗಿ. ಅದೂ ಇಲ್ಲ ಕಣೆ."

ಕುಂಚಿಗಿ ಇಲ್ಲ. ಹಾಗಾದರೆ ಆಯಿಯ ಮನೆಗೆ ಹೊರಟಿದ್ದಾಳೆ.

ದೋಸೆಯ ಚೂರು, ಬಾಲ್ಕನಿಯ ಕೂಗು, ತಿರುಗಿ ನೋಡದ ಟಾಟಾ, ಹದಿನಾಲ್ಕು ತಿಂಗಳಿಂದ ಎಲ್ಲರೂ ಸೇರಿ ನಕ್ಕಿದ್ದೆಲ್ಲ ದಾನೇಶ್ವರಿಗೆ ಒಮ್ಮೆಲೇ ಅರ್ಥವಾಯಿತು. ಮಗು ತಮಾಷೆ ಮಾಡುತ್ತಿರಲಿಲ್ಲ. ನಡೆದಷ್ಟು ಹೊತ್ತು, ಕೂತಷ್ಟು ಹೊತ್ತು, ಅದೇ ಮಗುವಿಗೆ ಗೊತ್ತಿರುವ ದೂರ. ಆ ಹೊತ್ತನ್ನೇ ತಾಯಿ ಕಿತ್ತುಕೊಂಡಿದ್ದಳು. ಇಳಾಳ ಲೆಕ್ಕದಲ್ಲಿ ಬಾಗಲಕೋಟೆ ಇದ್ದದ್ದು ಕಾರು ನಿಲ್ಲಿಸುವ ಜಾಗದ ಆಚೆ ಬದಿಯಲ್ಲಿ. ಕುಂಚಿಗಿ ತೊಡುವುದು, ಕಾರು ಹತ್ತುವುದು, ಟಿಕ್ ಎನ್ನಿಸುವುದು, ಇಳಿಯುವುದು. ಇಳಿದರೆ ಆಯಿ.

"ಯೋಗಿ, ಅವಳು ಕಾರಲ್ಲಿದ್ದಾಳೆ!"

"ನಮ್ಮ ಕಾರು ನೀನ್ ತಗೊಂಡು ಹೋಗಿದ್ದೀಯಲ್ಲೇ."

"ನಮ್ಮದಲ್ಲ. ಯಾರದೋ ಕಾರು. ಒಳಗಡೆ ಚಿಟಿಕೆ ಇರೋ ಕಾರು ಯಾವುದಾದ್ರೂ. ಹತ್ತಿ ಕೂತಿದ್ದಾಳೆ. ಬೇಗ ಕೆಳಗಿಳಿ!"

ಇಪ್ಪತ್ತೆಂಟು ಮನೆಗಳ ವಠಾರ. ಕೆಳಗೆ ಬಯಲಿನಲ್ಲಿ ಮೂವತ್ತಕ್ಕಿಂತ ಹೆಚ್ಚು ಕಾರುಗಳು, ಅರ್ಧಕ್ಕರ್ಧ ಬಿಸಿಲಿಗೆ ಹೊದಿಕೆ ಹೊದ್ದುಕೊಂಡು ಮಲಗಿದಂಥವು. ಏಪ್ರಿಲ್ ಬಿಸಿಲು. ಮುಚ್ಚಿದ ಕಾರಿನೊಳಗೆ ಎಷ್ಟು ಬೇಗ ಎಷ್ಟು ಕಾವೇರುತ್ತದೆ ಎಂಬುದರ ಅಂಕಿಗಳು ದಾನೇಶ್ವರಿಗೆ ಬಾಯಿಪಾಠ. ಬೇರೆ ಮಗುವಾದರೆ ಸೆಕೆಗೆ ಕಿರುಚುತ್ತಿತ್ತು, ಗಾಜು ಬಡಿಯುತ್ತಿತ್ತು. ಇಳಾ ಕಿರುಚುವುದಿಲ್ಲ. ಕುರ್ಚಿ ಚಾಲೂ ಇರುವ ತನಕ ಅವಳಿಗೆ ಇನ್ನೂ ಒಂದು ನಿಮಿಷವೂ ಆಗಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಳು ಅವಳು ಆ ಕುರ್ಚಿಯನ್ನು.

ಅವಳು ಪರದೆಯ ಮುಂದೆ ಓಡಿದಳು. ನಾಲ್ಕು ಸಾವಿರದ ಚಿಲ್ಲರೆ ಹಸಿರು ಗೆರೆಗಳು. ಮಗಳ ನಾಡಿಯನ್ನು ಎಷ್ಟೋ ಸಲ ನೋಡಿದವಳು, ಕಣ್ಣು ಹಾಯಿಸಿದರೆ ಗುರುತು ಸಿಕ್ಕೀತು ಎಂದುಕೊಂಡಿದ್ದಳು. ಸಿಗಲಿಲ್ಲ. ಎಲ್ಲ ಮಕ್ಕಳ ಗೆರೆಯೂ ಒಂದೇ ಥರ ತಣ್ಣಗೆ, ಒಂದೇ ಥರ ನೆಮ್ಮದಿಯಾಗಿ ಹರಿಯುತ್ತಿತ್ತು. ಹೆತ್ತ ಮಗಳನ್ನು ಗುರುತಿಸಲಾಗದೆ ಅವಳು ಅಲ್ಲೇ ಅಳಲು ಶುರುಮಾಡಿದಳು.

"ಫರ್ಹಾನಾ, ನಿಂತಿರೋ ಕಾರಲ್ಲಿ ಚಾಲೂ ಇರೋ ಕುರ್ಚಿ ಎಷ್ಟು?"

"ಮುನ್ನೂರ ಹನ್ನೊಂದು ಮೇಡಂ. ಯಾಕೆ, ಏನಾಯ್ತು?"

"ಎಲ್ಲಾ ಆಫ್ ಮಾಡು."

"ಎಲ್ಲಾನೂ? ಮೇಡಂ, ಎಲ್ಲಾ ಮಕ್ಕಳೂ ಒಂದೇ ಸಲ ಅಳೋಕೆ ಶುರು ಮಾಡ್ತಾವೆ. ಮೇಲಿನವರನ್ನ ಕೇಳದೆ..."

"ಅಳ್ಲಿ ಫರ್ಹಾನಾ! ಅತ್ರೇನೇ ನನ್ನ ಮಗಳು ಸಿಗೋದು!"

ಫರ್ಹಾನಾ ಮುಂದೆ ಕೇಳಲಿಲ್ಲ. ಅವಳ ಮನೆಯಲ್ಲೂ ಚಿಕ್ಕ ಮಗುವೊಂದಿತ್ತು. ದಾನೇಶ್ವರಿ ಫೋನಿನಲ್ಲಿ ಗಂಡನಿಗೆ ಹೇಳಿದಳು. "ಯೋಗಿ, ಕಾರುಗಳ ಮಧ್ಯೆ ನಿಂತ್ಕೋ. ಯಾರೂ ಮಾತಾಡಬಾರದು, ಎಲ್ಲರಿಗೂ ಹೇಳು. ಕಿವಿ ಕೊಡು. ಈಗ!"

ಫರ್ಹಾನಾ ಗುಂಡಿ ಒತ್ತಿದಳು. ಪರದೆಯ ಮೇಲೆ ಮುನ್ನೂರ ಹನ್ನೊಂದು ಗೆರೆಗಳು ಎಗರಿ ಬಿದ್ದವು. ರಾಜ್ಯದ ಅಷ್ಟೂ ಟೋಲ್ ಗೇಟು, ಹೋಟೆಲು, ಪೆಟ್ರೋಲ್ ಬಂಕುಗಳ ಮುಂದೆ ಮಕ್ಕಳು ಒಮ್ಮೆಲೇ ಬಾಯಿ ತೆರೆದವು. ಕೊಠಡಿಯ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿದವು. ದಾನೇಶ್ವರಿಗೆ ಅದು ಯಾವುದೂ ಕೇಳಿಸಲಿಲ್ಲ. ಗಂಡನ ಏದುಸಿರು, ಎಲ್ಲೋ ಒಂದು ಸ್ಕೂಟರು, ಮತ್ತೆ ಗಂಡನ ಏದುಸಿರು. ಆಮೇಲೆ ಬಹಳ ಸಣ್ಣಗೆ, ಬಟ್ಟೆಯೊಳಗಿಂದ ಬಂದ ಹಾಗೆ, ಒಂದು ಅಳು.

"ಆಯೀ... ಆಯೀ..."

ಅಮ್ಮನನ್ನಲ್ಲ, ಅಪ್ಪನನ್ನೂ ಅಲ್ಲ. ತಲುಪಿದ್ದೇನೆ ಎಂದುಕೊಂಡು, ಬಾಗಿಲು ತೆಗೆಯದ ಆಯಿಯನ್ನು ಅವಳು ಕರೆಯುತ್ತಿದ್ದಳು.

ಕೆಳಗಿನ ಮನೆಯ ಬಿಳಿಗಿರಿ ಮಾಮನ ಕಾರು ಅದು. ಬ್ಯಾಂಕಿನಿಂದ ನಿವೃತ್ತರಾದ ಅಚ್ಚುಕಟ್ಟಿನ ಮನುಷ್ಯ. ರಜೆಗೆ ಬಂದ ಮೊಮ್ಮಗನಿಗಾಗಿ ಹೊಸ ಚಿಟಿಕೆ ತಂದು ಕಾರಿನಲ್ಲಿ ಕೂರಿಸಿದ್ದರು. ಮಾರ್ಕೆಟ್ಟಿನಿಂದ ಬಂದು, ಹಿಂದಿನ ಬಾಗಿಲು ತೆರೆದಿಟ್ಟು, ತರಕಾರಿ ಚೀಲಗಳನ್ನು ಮನೆಗೆ ಸಾಗಿಸಿದ್ದರು. ವಾಪಸು ಬಂದು, ರೆಕ್ಕೆಗಳ ಮರೆಯಲ್ಲಿ ಹಿಂದಕ್ಕೆ ಮುಖ ಮಾಡಿದ್ದ ಕುರ್ಚಿಯಲ್ಲಿ ಯಾರಿದ್ದಾರೆಂದು ನೋಡದೆ, ಬಾಗಿಲು ಹಾಕಿ, ಬೆಳ್ಳಿ ಬಣ್ಣದ ಹೊದಿಕೆಯನ್ನು ನಾಲ್ಕು ಮೂಲೆಗೂ ಎಳೆದು ಕಟ್ಟಿ, ಮನೆಗೆ ಹೋಗಿ ಮಲಗಿದ್ದರು. ಯೋಗಾನಂದ ಹೊದಿಕೆ ಹರಿದು, ಕಲ್ಲಿನಿಂದ ಗಾಜು ಒಡೆದ. ಇಳಾಳ ಮುಖ ಕೆಂಡವಾಗಿತ್ತು, ಕುಂಚಿಗಿ ಬೆವರಿಗೆ ತೊಯ್ದು ಹೋಗಿತ್ತು. ಉಸಿರಿತ್ತು, ಅಳುವಿತ್ತು. ಡಾಕ್ಟರು ನೋಡಿ, ಸಂಜೆಯವರೆಗೆ ಇಟ್ಟುಕೊಂಡು, ಏನೂ ಭಯವಿಲ್ಲ ಎಂದು ಕಳಿಸಿದರು.

ಬಿಳಿಗಿರಿ ಮಾಮ ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟರು. "ನನ್ನ ಕೈಯಾರೆ ಮಗೂನ ಮುಚ್ಚಿಟ್ಟು ಬಂದೆನಲ್ಲಮ್ಮಾ," ಎಂದು ಅಷ್ಟು ದೊಡ್ಡ ಮನುಷ್ಯ ಬಿಕ್ಕಿದರು.

"ನಿಮ್ಮದೇನೂ ತಪ್ಪಿಲ್ಲ ಮಾಮ. ಆಯಿ ಮನೇನ ನಿಮ್ಮ ಕಾರಿನೊಳಗೆ ತಂದಿಟ್ಟವಳು ನಾನು," ಎಂದಳು ದಾನೇಶ್ವರಿ. ಅವರಿಗೆ ಅದು ಅರ್ಥವಾಗಲಿಲ್ಲ.

ಮುಂದಿನ ವಾರ ಅವಳು ಪ್ರಯೋಗಾಲಯದಲ್ಲಿ ಒಂದು ಹೊಸ ಪರೀಕ್ಷೆ ಮಾಡಿದಳು. ಅದಕ್ಕೆ ಯಂತ್ರವೇ ಬೇಕಾಗಲಿಲ್ಲ. ಉದ್ದನೆಯ ಜಮಖಾನೆಯ ಒಂದು ತುದಿಯಲ್ಲಿ ಮರದ ಪುಟ್ಟ ಮನೆಯೊಂದನ್ನು ಇಟ್ಟು, "ಇದು ನಿಮ್ಮ ಮನೆ. ಅಜ್ಜಿ ಮನೆ ಎಲ್ಲಿದೆ, ಇಟ್ಟು ತೋರಿಸು" ಎಂದು ಇನ್ನೊಂದು ಮನೆಯನ್ನು ಮಕ್ಕಳ ಕೈಗೆ ಕೊಟ್ಟಳು. ಅವರು ಮೂರು ನಾಲ್ಕು ವರ್ಷದವರು. ಚಿಟಿಕೆಯನ್ನೇ ಕಾಣದ ಮಕ್ಕಳು ಓಡಿಹೋಗಿ ಜಮಖಾನೆಯ ಆ ತುದಿಯಲ್ಲಿಟ್ಟರು. ಒಬ್ಬ ಪೋರ ಬಾಗಿಲು ದಾಟಿ ಮೆಟ್ಟಿಲವರೆಗೂ ಹೋದ. ಚಿಟಿಕೆಯಲ್ಲಿ ಓಡಾಡಿದ ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಎರಡೂ ಮನೆಗಳನ್ನು ಗೋಡೆಗೆ ಗೋಡೆ ತಾಗಿಸಿ ಇಟ್ಟವು.

ಫರ್ಹಾನಾ ಆ ಪುಟ್ಟ ಮನೆಗಳನ್ನೇ ನೋಡುತ್ತಾ ಕೂತಳು. "ಕಣ್ಣು ನೋಡಿದ್ವಿ, ಕಿವಿ ನೋಡಿದ್ವಿ. ಇದನ್ನ ಕೇಳಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲವಲ್ಲ ಮೇಡಂ."

"ನನಗೆ ಹೊಳೀಬೇಕಿತ್ತು," ಎಂದಳು ದಾನೇಶ್ವರಿ.

ಅವಳು ಬರೆದ ವರದಿ ಪ್ರಯೋಗಾಲಯದಲ್ಲಿ ದೊಡ್ಡ ರಂಪ ಎಬ್ಬಿಸಿತು. ಆದರೂ ಹತ್ತು ನಿಮಿಷದ ಮಿತಿ ವಾಪಸು ಬಂತು. ನೋವಿನ ಚಿಕಿತ್ಸೆಗೆ ದೂರದೂರಿನ ಆಸ್ಪತ್ರೆಗೆ ಹೋಗಿಬರುವ ಮಕ್ಕಳಿಗೆ ಚಿಟಿಕೆ ಉಳಿಯಿತು. ಅದು ಉಳಿಯಬೇಕು ಎಂದು ಅವಳೇ ವಾದಿಸಿದಳು. ಮಿಕ್ಕಂತೆ ಐದು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದಾಯಿತು. ತಾಯಿತಂದೆಯರ ಸಿಟ್ಟಿನ ಪತ್ರಗಳು ಮೂಟೆಗಟ್ಟಲೆ ಬಂದವು. ಆ ಮಂಗಳವಾರ ಪೂರಿ ಸಾಗು ಅರ್ಧಕ್ಕೇ ಬಿಟ್ಟು ಕಾರಿಗೆ ಓಡಿದ ತಂದೆಯೊಬ್ಬ ನಾಲ್ಕು ಪುಟ ಬರೆದಿದ್ದ.

ಗುರವ್ವನಿಗೆ ಆ ಮಂಗಳವಾರದ ಸುದ್ದಿಯನ್ನು ಮೂರು ದಿನ ಬಿಟ್ಟು ಹೇಳಿದ್ದರು. ಫೋನಿನಲ್ಲಿ ಅವಳ ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು.

"ಕೂಸು ನನ್ನ ಹುಡುಕ್ಕೊಂಡ ಹೊಂಟಿತ್ತಲ್ಲs ಯವ್ವಾ," ಎಂದಳು. "ಮಾಯಾ ಇಲ್ಲೇನ ಅಂತ ಕೇಳಿದ್ನಲ್ಲ ನಾ, ನನ್ನ ಬಾಯಿ ಸುಡ್ಲಿ."

"ಯವ್ವಾ, ಇನ್ನ ತಿಂಗಳಿಗೆ ಎರಡ್ ಸಲ ಬರಾಕ ಆಗೂದಿಲ್ಲ. ನಾ ಕೊಟ್ಟ ಮಾತ..."

"ವರ್ಷಕ್ಕ ಎರಡ್ ಸಲ ಬಾ. ಆದ್ರ ಹಾದಿ ತೋರ್ಸಿಕೋತ ಕರ್ಕೊಂಡ್ ಬಾ."

ಮೇ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಆರಕ್ಕೆ ಮೂವರೂ ಹೊರಟರು. ಕಾರಿನಲ್ಲಿ ಸಾದಾ ಕುರ್ಚಿ, ಮುಖ ಮುಂದಕ್ಕೆ. ಇಳಾ ಕುಂಚಿಗಿ ತೊಟ್ಟು, ಹತ್ತಿ ಕೂತು, ಕೊಂಡಿ ಹಾಕಿ, "ನಾನೇ!" ಎಂದಳು. ಮರುಕ್ಷಣವೇ ಬೆಲ್ಟು ಬಿಚ್ಚಲು ಕೈ ಹಾಕಿದಳು. "ಆಯಿ ಬಂತು. ಇಳೀಬೇಕು."

"ಇನ್ನೂ ಇಲ್ಲ ಪುಟ್ಟಾ. ಆಯಿ ದೂರ."

ಶ್ರೀರಂಗಪಟ್ಟಣಕ್ಕೆ ಮೊದಲೇ ಅವಳು "ಆಯಿ ಬಂತಾ?" ಎಂದು ನಲವತ್ತು ಸಲ ಕೇಳಿದಳು. ಕಾವೇರಿ ಕಂಡಾಗ ಒಂದು ನಿಮಿಷ ಸುಮ್ಮನಾದಳು. ಯೋಗಾನಂದ ಇಡ್ಲಿಯೊಂದು ಸಾಂಬಾರಿನ ಹೊಳೆಗೆ ಬಿದ್ದ ಹಾಡನ್ನು ಸ್ವಂತವಾಗಿ ಕಟ್ಟಿ ಹಾಡಿದ. ಅದನ್ನು ಹದಿನೇಳು ಸಲ ಹಾಡಿಸಿಕೊಂಡು, ಹದಿನೆಂಟನೆಯ ಸಲಕ್ಕೆ ಅವಳು "ಬೇಡಾ!" ಎಂದು ಚಪ್ಪಲಿ ಎಸೆದಳು. ಅದು ಅವನ ಕಿವಿಗೆ ಸರಿಯಾಗಿ ಬಿತ್ತು. ಹಿರಿಯೂರಿಗೆ ಮುಂಚೆ ವಾಂತಿ ಆಯಿತು. ರಸ್ತೆಬದಿಯ ಬೇವಿನ ನೆರಳಲ್ಲಿ ನಿಂತು ಬಟ್ಟೆ ಬದಲಿಸುವಾಗ ಒಂದು ಓತಿಕ್ಯಾತ ತಲೆ ಆಡಿಸಿತು. ಇಳಾ ಅದಕ್ಕೆ ಉತ್ತರವಾಗಿ ತಾನೂ ತಲೆ ಆಡಿಸುತ್ತಾ ಇಪ್ಪತ್ತು ನಿಮಿಷ ನಿಂತಳು.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಂಡಾಗ ಅವಳು ಬಾಯಿ ತೆರೆದಳು. ಈ ದಾರಿಯಲ್ಲಿ ಐವತ್ತು ಸಲಕ್ಕಿಂತ ಹೆಚ್ಚು ಓಡಾಡಿದ ಮಗು ಅವನ್ನು ಈಗ ಮೊದಲ ಬಾರಿ ನೋಡುತ್ತಿತ್ತು. "ಅಮ್ಮಾ, ಫ್ಯಾನು! ಅಮ್ಮಾ, ಇನ್ನೊಂದು ಫ್ಯಾನು!" ದಾನೇಶ್ವರಿ ಜೊತೆಗೆ ಎಣಿಸಿದಳು. ಮಗಳ ಎಷ್ಟು ದಿನಗಳನ್ನು ತಾನು ಈ ದಾರಿಯ ಮೇಲೆ ಚೆಲ್ಲಿದೆ ಎಂದು ಅವಳು ಲೆಕ್ಕ ಹಾಕಲು ಹೋಗಿ, ಧೈರ್ಯ ಸಾಲದೆ ಬಿಟ್ಟಳು.

ಹೊಸಪೇಟೆಯ ಹತ್ತಿರ ದೊಡ್ಡ ಅಳು. ಅರ್ಧ ಗಂಟೆ ಏನು ಮಾಡಿದರೂ ನಿಲ್ಲಲಿಲ್ಲ. ದಾನೇಶ್ವರಿ ಹಿಂದೆ ಬಂದು ಕೂತು, ಜಡೆ ಕೊಟ್ಟಳು, ಬಳೆ ಕೊಟ್ಟಳು, ಮೂಗಿನ ಮೇಲೆ ಬಾಳೆಹಣ್ಣಿನ ಸಿಪ್ಪೆ ಇಟ್ಟುಕೊಂಡು ಆನೆಯಾದಳು. ತುಂಗಭದ್ರೆಯ ಸೇತುವೆಯ ಮೇಲೆ ಅಳು ತಾನಾಗಿ ನಿಂತಿತು. ಕುಷ್ಟಗಿಯ ಬಳಿ ಕುರಿಹಿಂಡು ರಸ್ತೆ ಕಟ್ಟಿತು. ಕುರಿಗಾರನೊಬ್ಬ ಕಿಟಕಿಯವರೆಗೆ ಮರಿಯೊಂದನ್ನು ಎತ್ತಿ ಹಿಡಿದ. ಇಳಕಲ್ ದಾಟುವಾಗ ಅವಳು ಕೇಳುವ ಪ್ರಶ್ನೆ ಬದಲಾಗಿತ್ತು. "ಆಯಿ ಬಂತಾ?" ಎನ್ನುತ್ತಿದ್ದವಳು, ಸೋತ ಕಣ್ಣುಗಳಿಂದ ಅಮ್ಮನನ್ನು ನೋಡಿ, "ಆಯಿ ದೂರಾನಾ?" ಎಂದಳು.

"ಹ್ಞೂಂ ಚಿನ್ನಾ. ಆಯಿ ಬಹಳ ದೂರ."

ಹದಿಮೂರು ಗಂಟೆ ಹಿಡಿಯಿತು. ಬಾಗಿಲಲ್ಲಿ ನಿಂತಿದ್ದ ಗುರವ್ವನನ್ನು ಕಂಡ ಇಳಾ ಪ್ರತಿ ಸಲದಂತೆ ರೊಟ್ಟಿ ಕೇಳಲಿಲ್ಲ. ಅವಳ ಕುತ್ತಿಗೆಗೆ ಜೋತುಬಿದ್ದು, ಹೆಗಲ ಮೇಲೆ ಮುಖವಿಟ್ಟಳು. ಗುರವ್ವ ಹಿಟ್ಟಿನ ಕೈಯಲ್ಲೇ ಬೆನ್ನು ಸವರುತ್ತಾ ನಿಂತಳು.

ಐದು ದಿನ ಐದು ಗಳಿಗೆಯಂತೆ ಕಳೆದವು, ಯಾವ ಕುರ್ಚಿಯ ನೆರವೂ ಇಲ್ಲದೆ. ಹೊರಡುವ ದಿನ ಗುರವ್ವ ಮಗಳಿಗೆ ಉಡಿ ತುಂಬಿ, ಮೊಮ್ಮಗಳ ಮುಷ್ಟಿಗೆ ಹಿಟ್ಟಿನ ಉಂಡಿ ಕೊಟ್ಟಳು. ಯೋಗಾನಂದ ಕಾರು ಚಾಲೂ ಮಾಡಿದ. ಇಳಾ ಟಾಟಾ ಮಾಡಲು ಕೈ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. ಆಯಿಯ ಮುಖ ನೋಡಿದಳು, ಮುಂದಿನ ರಸ್ತೆ ನೋಡಿದಳು. ಅವಳಿಗೆ ಏನೋ ಹೊಳೆಯಿತು. ಫ್ಯಾನುಗಳು, ಕುರಿಗಳು, ಎರಡು ಹೊಳೆ, ಓತಿಕ್ಯಾತ ಎಲ್ಲವೂ ಆಯಿಗೂ ತನಗೂ ನಡುವೆ ಬಂದು ನಿಂತಿದ್ದವು.

"ಆಯಿ ದೂರ ಹೋಗ್ತಾಳೆ," ಎಂದಳು. ತುಟಿ ನಡುಗಿತು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ, ಎರಡೂ ಕೈ ಕಿಟಕಿಯಾಚೆ ಚಾಚಿ, ಅವಳು ಅತ್ತಳು.

ರೊಟ್ಟಿ ಬಡಿಯುವ ಹೆಂಗಸರೆಲ್ಲ ಹೊರಗೆ ಬಂದರು. ಗುರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸೆರಗಿನ ಹಿಂದೆ ನಗುತ್ತಲೂ ಇದ್ದಳು. ದಾನೇಶ್ವರಿಯ ಕೈ ಅಭ್ಯಾಸಬಲದಿಂದ ಕುರ್ಚಿಯ ಪಕ್ಕದ ಗುಂಡಿಗಾಗಿ ತಡಕಿತು. ಅಲ್ಲಿ ಗುಂಡಿ ಇರಲಿಲ್ಲ.

"ಸುಮ್ನಿರಸಬ್ಯಾಡs ದಾನವ್ವಾ," ಎಂದು ಗುರವ್ವ ಕಾರಿನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತಾ ಕೂಗಿ ಹೇಳಿದಳು. "ಅಳ್ಲಿ ಬಿಡು. ನನ್ನ ಸಲುವಾಗಿ ಅಳಾಕತ್ತೈತಿ ಕೂಸು."

ದಾನೇಶ್ವರಿ ಸುಮ್ಮನಿರಿಸಲಿಲ್ಲ. ಮಗಳ ಪಕ್ಕದಲ್ಲಿ ಕೂತು, ಹಿಟ್ಟು ಮೆತ್ತಿದ ಆ ಪುಟ್ಟ ಮುಷ್ಟಿಯನ್ನು ಹಿಡಿದುಕೊಂಡು, ತಾನೂ ಅತ್ತಳು. ಊರು ದಾಟುವ ತನಕ ಇಬ್ಬರೂ ಅತ್ತರು. ಆಮೇಲೆ ಇಳಾ ಮೂಗು ಒರೆಸಿಕೊಂಡು, ಕಿಟಕಿಯಾಚೆ ನೋಡುತ್ತಾ, ಕುರಿಗಳು ಯಾವಾಗ ಬರುತ್ತವೆ ಎಂದು ಕೇಳಿದಳು.